ಎಮ್ಮೆ ಆರ್ಜಿತ

ವಸಿ ನಿಧಾನ ರೈಟ್ರಪ್ಪ, ನಿನ್ ಮಿಷಿನ್ ಟಕಟಕ ನಿಲ್ಸು.
ನಾನಿನ್ನೂ ಕೂತೇ ಇಲ್ಲ.
ಮದ್ದೂರ್ಗಂಟ ಆಟೋದಲ್ಲಿ ಬಂದು
ಸೊಂಟ ಯಾವ ಸರ್ವೆ ನಂಬರಲ್ಲಿ ಅದೆ ಅಂತ್ಲೇ ಗೊತ್ತಾಯ್ತಿಲ್ಲ.

ಹೆಸರು ಜವರಮ್ಮ.
ಗಂಡ ಲೇಟ್ ಅಂತ ಬರಿ.
ಬದುಕಿದ್ದಾಗ್ಲೂ ಲೇಟೇ ಅವಯ್ಯ, ಊಟಕ್ಕೂ, ಕಂದಾಯಕ್ಕೂ.
ಕಾಗದ ಮಾಡ್ಸೋಕಂತೂ ಬರ್ಲೇ ಇಲ್ಲ.

ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅಂತೀಯ.
ಎಮ್ಮೆ ಆರ್ಜಿತ ಅಂತ ಬರಿ.
ನಗಬ್ಯಾಡ.
ಎರಡೆಮ್ಮೆ, ಹತ್ತೊಂಬತ್ತು ವರ್ಸ,
ಕೋಳಿ ಕೂಗೋಕ್ಮುಂಚೆ ಡೈರಿ ಮುಂದೆ ನನ್ ಕ್ಯಾನು.
ಫ್ಯಾಟ್ ಕಮ್ಮಿ ಅಂದ್ರೆ ಸೆಕ್ರೆಟ್ರಿ ಜೊತೆ ಜಗಳ.
ಬಟವಾಡೆ ದುಡ್ಡ ಅಕ್ಕಿ ಡಬ್ಬದೊಳಗೆ ಹೂತು ಹೂತು
ಅಂಗೆ ಬಂದದ್ದು ಈ ಹದಿನೆಂಟು ಗುಂಟೆ.
ಮೂಡ್ಲಾಗಿ ನಾಲೆ, ಪಡುವ್ಲಾಗಿ ಕರಿಗೌಡ್ರ ಕಬ್ಬು,
ತೆಂಕ್ಲಾಗಿ ಬಂಡಿ ಜಾಡು, ಬಡಗ್ಲಾಗಿ ಸುಡುಗಾಡಿನ ದಾರಿ.
ದೂರ ಏನಿಲ್ಲ, ನಂಗೆ ಅನುಕೂಲ.

ನಮ್ ಮಾವ ಬಾಯಲ್ಲೇ ಹೇಳೋದ.
ಮೇಲ್ಗದ್ದೆ ದೊಡ್ಡೋನಿಗೆ, ಕೆಳಗದ್ದೆ ಚಿಕ್ಕೋನಿಗೆ.
ಹಿತ್ಲು ಹುಣಸೆ ಮರದ ಮಾತು ಬಾಯಿಗೆ ಬರೋಕ್ಮುಂಚೆ
ತುಳಸಿ ನೀರು ಬಂತು.
ಒಂಬತ್ತು ವರ್ಸ ಕೋರ್ಟಿಗೆ ತಿರುಗಿದ್ರು ಅಣ್ತಮ್ದೀರು
ಒಂದೇ ಬಸ್ಸಲ್ಲಿ,
ಒಬ್ಬ ಡ್ರೈವರ್ ಹಿಂದೆ, ಇನ್ನೊಬ್ಬ ಕೊನೇ ಸೀಟು.
ಮರ ಬಡಿಯೋಕೆ ಇಬ್ರಿಗೂ ತಡೆಯಾಜ್ಞೆ.
ಹಣ್ಣು ಕೊಂಬೇಲೇ ಹುಳ ಬಿದ್ದು ಉದುರ್ತು.
ಎರಡು ಮನೆಯೋರೂ ಸಂತೇಲಿ ಹುಣಸೆಹಣ್ಣು ಕೊಂಡು
ಸಾರು ಕಾಯ್ಸಿದ್ವಿ ಕಣಪ್ಪ.
ಕೊನೆಗೆ ಕಡಿದು ಇಬ್ಭಾಗ ಮಾಡಿದ್ರು.
ವಕೀಲರ ಫೀಸಿಗೂ ಸಾಲ್ಲಿಲ್ಲ ಆ ಸೌದೆ.
ಇದ ಬರಿಬ್ಯಾಡ. ನಿಂಗೆ ಏಳ್ತಾ ಇವ್ನಿ ಅಷ್ಟೆ.

ಈಗ ಬರಿ.
ನಾಲೆ ಕಡೆಯ ಹತ್ತು ಗುಂಟೆ ಜಯಶೀಲಂಗೆ.
ಸೊಸೆಗಾ ಅಂತ ಕಣ್ಣೆತ್ತಬ್ಯಾಡ.
ದೊಡ್ಡ ಮಗ ಹೋಗಿ ಏಳು ವರ್ಸ, ಅವಳು ತವರಿಗೆ ಹೋಗ್ಲಿಲ್ಲ.
ಎಮ್ಮೆ ಸೊರೆ ಬಿಡೋದು ಈಗ ಅವಳ ಕೈಗೇ.
ನನ್ ತಲೆಗೆ ಸೀಗೇಕಾಯಿ ತಿಕ್ಕೋದೂ ಅದೇ ಕೈ.

ಬೋರೇಶಂಗೆ ನಾಲ್ಕು.
ಅವನಿಗೆ ಅವರಪ್ಪನ ಕಡೇದು ಬತ್ತದೆ,
ಅದು ನಾನು ಕೊಡೋದೂ ಅಲ್ಲ, ಕಿತ್ಕೊಳ್ಳೋದೂ ಅಲ್ಲ.

ಪ್ರಮೀಳಂಗೂ ನಾಲ್ಕು.
ಅವಳ ಮದ್ವೇಲಿ 'ನಂಗೇನೂ ಬ್ಯಾಡ' ಅಂತ ರುಜು ಹಾಕ್ಸಿದ್ರು.
ಅರಿಸಿನದ ಕೈ ಇನ್ನೂ ತೊಳೆದಿರ್ಲಿಲ್ಲ,
ಆ ಕಾಗದದ ಮೂಲೇಲಿ ಹಳದಿ ಗುರುತು ಈಗ್ಲೂ ಅದೆ.
ಜರುಗದಂಗೆ ಕಾಗದ ಹಿಡ್ಕೊಂಡಿದ್ದೋಳು ನಾನೇ.
ಇದೂ ಬರಿಬ್ಯಾಡ.

ಇಲ್ಲ, ಬರಿ.
ಅದ್ನ ಬರಿ.

ಸಮ ಬರ್ಲಿಲ್ಲ ಅಂತ ಬೆರಳು ಮಡಿಸ್ತಾ ಇದ್ದೀಯ.
ಮೂರು ಹೊಟ್ಟೇನ ಒಂದೇ ಸೇರಲ್ಲಿ ಅಳೆಯಕ್ಕಾಯ್ತದಾ?

ಸತ್ ಮೇಲೆ ಪೆಟ್ಟಿಗೆ ಒಡೆದು ಓದೋ ಕಾಗದ ಅಲ್ಲ ಇದು.
ಬರೋ ಪಿತೃಪಕ್ಷಕ್ಕೆ ಮೂವರೂ ಬತ್ತಾರೆ.
ಅವಯ್ಯಂಗೆ ಎಡೆ ಇಕ್ಕಿ, ಮುದ್ದೆ ಮುರಿದು, ಬಾಡಿನ ಸಾರು ಸುರಿದು
ಕೈ ತೊಳೆಯೋಕ್ಮುಂಚೆ ಓದುಸ್ತೀನಿ.
ಎಂಜಲ ಕೈಲಿ ಯಾರೂ ಕೊರಳ್ಪಟ್ಟಿ ಹಿಡಿಯಲ್ಲ.
ಬೈಯೋದಿದ್ರೆ ನನ್ ಮಕ ನೋಡ್ಕಂಡೇ ಬೈಲಿ,
ಫೋಟೋಗೆ ಬೈದ್ರೆ ನಾನೇನು ಉತ್ತರ ಕೊಡ್ಲಿ?

ಸಾಕ್ಷಿಗೆ ಇಬ್ರು ಬೇಕಾ?
ಒಬ್ಬ ಅದೇ ಡೈರಿ ಸೆಕ್ರೆಟ್ರಿ, ಟೀ ಕುಡಿಯಕ್ಕೋಗವ್ನೆ.
ಇನ್ನೊಬ್ಳು ಅಗೋ,
ಹೊಂಗೆ ಮರದಡಿ ಎಲೆಗೆ ಸುಣ್ಣ ಸವರ್ತಾ ಕುಂತವ್ಳಲ್ಲ,
ದೇವೀರಿ. ನನ್ ಓರಗಿತ್ತಿ.
ಒಂಬತ್ತು ವರ್ಸ ಬಾವಿಕಟ್ಟೇಲಿ ನನ್ ಬಿಂದಿಗೆ ಕಂಡ್ರೂ ಮಕ ತಿರುಗಿಸ್ದೋಳು.
ಕಾಗದ ಇಲ್ದಿದ್ರೆ ಏನಾಯ್ತದೆ ಅಂತ
ಅವಳಷ್ಟು ಕಂಡೋರು ಯಾರವ್ರೆ, ಏಳು.

ಏನಂದೆ? ಹೆಬ್ಬೆಟ್ಟು ಮಿಷಿನ್ನಲ್ಲಿ ಬತ್ತಿಲ್ವಾ?
ಗೆರೆ ಎಲ್ಲಿಂದ ಬತ್ತವೆ ಕಣಪ್ಪ,
ಕೆಚ್ಚಲಲ್ಲಿ ಸವೆದೋದ್ವು.
ಇರು.
ದೇವೀರಿ, ಬಾ ಇಲ್ಲಿ, ನಿನ್ ಸೆರಗು ಒದ್ದೆ ಮಾಡ್ಕಂಡು ವಸಿ ಉಜ್ಜು.
ಜೋರಾಗಿ ಉಜ್ಜೇ,
ಒಂಬತ್ತು ವರ್ಸದ ಸಿಟ್ಟೆಲ್ಲ ಎಲ್ಲೋಯ್ತು ನಿಂದು?